ಬೋರ್ನ್‌ವಿಟಾ ಡಬ್ಬಿಯ ಅಗಸಿ ಚಟ್ನಿ

ನಮ್ಮ ಮನೆಯ ಬೋರ್ನ್‌ವಿಟಾ ಡಬ್ಬಿಯಲ್ಲಿ ಬೋರ್ನ್‌ವಿಟಾ ಇದ್ದದ್ದನ್ನು ನಾನಂತೂ ಕಂಡಿಲ್ಲ. ಅದರಲ್ಲಿ ಅಗಸಿ ಚಟ್ನಿಪುಡಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ. ತಾಳೆಮರದ ಚಿತ್ರವಿದ್ದ ಹಳದಿ ಡಾಲ್ಡಾ ಡಬ್ಬಿಯಲ್ಲಿ ಬೆಲ್ಲ. ಯಾವುದೋ ಕೂಸಿಗೆಂದು ತಂದ ಹಾಲಿನಪುಡಿಯ ಡಬ್ಬಿಯಲ್ಲಿ ಹುರಿದ ಶೇಂಗಾ. ಆ ಕೂಸು ಈಗ ಬೆಂಗಳೂರಿನಲ್ಲಿ ಇಂಜಿನಿಯರು. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟ ಎರಡು ಸ್ಟೀಲಿನ ಡಬ್ಬಿಗಳಿದ್ದವು. ಒಂದರ ಮೇಲೆ ‘ಚಹಾ’ ಎಂದು ಕೊರೆದಿತ್ತು, ಅದರಲ್ಲಿ ಸಕ್ಕರೆ. ಇನ್ನೊಂದರ ಮೇಲೆ ‘ಸಕ್ಕರೆ’ ಎಂದಿತ್ತು, ಅದರಲ್ಲಿ ಚಹಾಪುಡಿ. ಅದಲುಬದಲು ಮಾಡಿದರೆ ಮುಗೀತಲ್ಲ ಎಂದು ಹೊಸದಾಗಿ ಬಂದ ಸೊಸೆಯರೆಲ್ಲ ಒಮ್ಮೊಮ್ಮೆ ಕೇಳಿದವರೇ. ಅತ್ತೆಯವರ ಉತ್ತರ ಒಂದೇ: “ಸಕ್ಕರಿ ಜಾಸ್ತಿ ಬೇಕಾಗತೈತಿ. ಆ ಡಬ್ಬಿ ದೊಡ್ಡದೈತಿ.” ತರ್ಕದಲ್ಲಿ ತಪ್ಪು ಹುಡುಕಲು ನಮ್ಮಿಂದ ಆಗಲಿಲ್ಲ.

ಹೊರಗಿನಿಂದ ಬಂದವರಿಗೆ ಇದು ಗೊಂದಲ. ಒಳಗಿನವರಿಗೆ, ಕರೆಂಟು ಹೋದ ರಾತ್ರಿಯಲ್ಲೂ ಕೈ ತಪ್ಪದ ವ್ಯವಸ್ಥೆ. ಹೊಸ ಸೊಸೆಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂಬುದು ಎರಡನೆಯ ಪರೀಕ್ಷೆ. ಮೊದಲನೆಯದು, ಯಾವ ಡಬ್ಬಿಯಲ್ಲಿ ಏನಿದೆ ಎಂದು ಎಷ್ಟು ಬೇಗ ಬಾಯಿಪಾಠ ಮಾಡಿಕೊಂಡಳು ಎಂಬುದು.

ಗದಗಿನಿಂದ ಒಂದು ತಾಸಿನ ಹಾದಿ ನಮ್ಮೂರು. ಎರೆಭೂಮಿ, ಜೋಳ, ಕಡಲೆ, ಗೋಧಿ, ಮೆಣಸಿನಕಾಯಿ ಬೆಳೆಯುವ ಸೀಮೆ. ನಾನು ಬಂದಾಗ ನಾಲ್ಕು ಜನ ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಅತ್ತೆ ಮಾವ, ಮಾವನವರ ಅಕ್ಕ, ಸಾಲಿ ಕಲಿಯಲು ಬಂದು ಇಲ್ಲೇ ಉಳಿದ ಇಬ್ಬರು ಸೋದರಳಿಯಂದಿರು, ಎಲ್ಲ ಕೂಡಿ ಇಪ್ಪತ್ತೆರಡು ಗಂಗಾಳ. ಸುಗ್ಗಿಯಲ್ಲಿ ಆಳುಗಳ ಬುತ್ತಿ ಬೇರೆ. ಧಾರವಾಡದ ಹತ್ತಿರದ ಲೋಕೂರಿನಲ್ಲಿ ನರಸಿಂಗನವರ ಮನೆತನದ ನೂರಕ್ಕೂ ಹೆಚ್ಚು ಜನ ಒಂದೇ ಕುಟುಂಬವಾಗಿ ಬಾಳುತ್ತಿದ್ದಾರೆ ಎಂದು ಪೇಪರಿನಲ್ಲಿ ಬಂದಾಗ ಮಾವನವರು ಅದನ್ನು ಗಟ್ಟಿಯಾಗಿ ಓದಿ ಹೇಳಿದರು. “ಹಂಗಾರ ನಮ್ಮದು ಸಣ್ಣ ಸಂಸಾರ” ಎಂದು ಅತ್ತೆಯವರು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

ಅವರ ಅತ್ತೆಯ ಕಾಲದಲ್ಲಿ ಡಬ್ಬಿಗಳೇ ಇರಲಿಲ್ಲವಂತೆ. ಗೋಡೆಗುಂಟ ಅಡಕಲ ಗಡಿಗೆಗಳು: ಕೆಳಗೆ ದೊಡ್ಡದು, ಅದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು. ತಳದ ಗಡಿಗೆಯಲ್ಲಿ ಬಿತ್ತಲು ಎತ್ತಿಟ್ಟ ಬೀಜ, ನಡುವಿನದರಲ್ಲಿ ಬೇಳೆ, ತುದಿಯಲ್ಲಿ ದಿನಬಳಕೆಯ ಕಾಳು. ದಿನಾ ಬೇಕಾದದ್ದು ಕೈಗೆ ಹತ್ತಿರ, ವರ್ಷಕ್ಕೊಮ್ಮೆ ಬೇಕಾದದ್ದು ದೂರ. ಈ ವಿದ್ಯೆಯನ್ನು ಈಗ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಫೀ ತೆಗೆದುಕೊಂಡು ಕಲಿಸುತ್ತಾರೆ. ಹೆಂಗಸರು ಕೂಡಿಟ್ಟ ರೊಕ್ಕ ಇರುತ್ತಿದ್ದದ್ದು ನಡುವಿನ ಗಡಿಗೆಯ ಬೇಳೆಯೊಳಗೆ. ಮೇಲಿನದಕ್ಕೆ ಎಲ್ಲರೂ ಕೈ ಹಾಕುತ್ತಾರೆ, ತಳದ್ದನ್ನು ಬಿತ್ತಿಗೆಗೆಂದು ಗಂಡಸರು ಇಳಿಸುತ್ತಾರೆ, ನಡುವಿನದರ ತಂಟೆಗೆ ಯಾರೂ ಹೋಗುವುದಿಲ್ಲ. ಹಾಲು, ಮೊಸರು, ಬೆಣ್ಣೆ ನೆಲುವಿನ ಮೇಲೆ, ಬೆಕ್ಕಿಗೂ ಹುಡುಗರಿಗೂ ಎಟುಕದ ಎತ್ತರದಲ್ಲಿ.

ಇನ್ನು ವರ್ಷದ ಜೋಳ ಹಗೇವಿನಲ್ಲಿ. ನೆಲದೊಳಗೆ ತೋಡಿದ ಆಳದ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹೊಟ್ಟು ಕೊಟ್ಟು, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಕಾಳೇ ಉಸಿರಾಡಿ ಆಮ್ಲಜನಕ ಮುಗಿಸಿಬಿಡುವುದರಿಂದ ಹುಳಕ್ಕೆ ಅಲ್ಲಿ ಬದುಕಿಲ್ಲ. ಅದೇ ಕಾರಣಕ್ಕೆ, ತೆಗೆದ ಕೂಡಲೇ ಇಳಿದ ಮನುಷ್ಯನಿಗೂ ಬದುಕಿಲ್ಲ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುತ್ತಿದ್ದರು. ಕಂದೀಲು ಆರಿದರೆ ಇನ್ನೂ ಕಾಯಬೇಕು. ಉರಿಯುತ್ತಿದ್ದರೆ ಆಳು ಇಳಿಯಬಹುದು. ಒಂದು ಮನೆಯ ರೊಟ್ಟಿಗೆ ಇಷ್ಟೆಲ್ಲ ಎಚ್ಚರ ಬೇಕಿತ್ತು. ನಮ್ಮ ಹಗೇವು ಮುಚ್ಚಿಹೋಗಿ ಅದರ ಮೇಲೆ ಈಗ ಬೈಕು ನಿಲ್ಲಿಸುತ್ತಾರೆ. ಜೋಳ ತಗಡಿನ ಪೀಪಾಯಿಗೆ ಬಂದಿದೆ, ಜೊತೆಗೆ ಬೇವಿನ ಎಲೆ. ತೊಗರಿಬೇಳೆಗೆ ಔಡಲೆಣ್ಣೆ ಸವರುತ್ತೇವೆ. ಇಷ್ಟು ಮಾಡಿಯೂ ಶ್ರಾವಣದ ಹೊತ್ತಿಗೆ ನುಸಿ ಬಂದೇ ಬರುತ್ತದೆ.

ದೊಡ್ಡ ಮನೆಯ ಅಡುಗೆ ಒಲೆ ಹೊತ್ತಿಸಿದಾಗ ಸುರುವಾಗುವುದಲ್ಲ. ನಮ್ಮದು ಬ್ಯಾಡಗಿ ಪೇಟೆಯಲ್ಲಿ, ಶಿವರಾತ್ರಿಯ ಆಸುಪಾಸಿನಲ್ಲಿ ಸುರುವಾಗುತ್ತದೆ. ಆಗ ಅಲ್ಲಿ ಮೆಣಸಿನಕಾಯಿಯ ಭರಾಟೆ. ಬಸ್ಸು ಊರು ಮುಟ್ಟುವ ಮೊದಲೇ ಸೀನು ಬರುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಬೇರೆ ಕಾಯಿ ಎಂದು ಬೆರೆಸಬೇಕು. ಬೆರೆಸುವ ಪ್ರಮಾಣದ ಬಗ್ಗೆ ನಮ್ಮ ಮನೆಯಲ್ಲಿ ನಾಲ್ಕು ಜನ ನೆಗೆಣ್ಣಿಯರಿಗೆ ನಾಲ್ಕು ಅಭಿಪ್ರಾಯ, ಯಾಕೆಂದರೆ ನಾಲ್ವರ ತವರೂ ಬೇರೆ. ಒಬ್ಬರಿಗೆ ಬೆಳ್ಳುಳ್ಳಿ ಮುಂದಾಗಿರಬೇಕು, ಇನ್ನೊಬ್ಬರಿಗೆ ಒಣಕೊಬ್ಬರಿ. ವರ್ಷದ ಮಸಾಲಿ ಖಾರ ಕುಟ್ಟಿಸುವ ಆ ವಾರ ಮನೆಯಲ್ಲಿ ಗಂಡಸರು ಅಡುಗೆಮನೆಯ ಹತ್ತಿರ ಸುಳಿಯುವುದಿಲ್ಲ; ಘಾಟಿಗೆ ಹೆದರಿಯೋ ಜಗಳಕ್ಕೆ ಹೆದರಿಯೋ ಗೊತ್ತಿಲ್ಲ. ಅದಾದ ಮೇಲೆ ಬಿಸಿಲು ಇರುವವರೆಗೆ ಶ್ಯಾವಿಗೆ, ಹಪ್ಪಳ, ಸಂಡಿಗೆ. ಮಳೆ ಬೀಳುವುದರೊಳಗೆ ಎಲ್ಲ ಒಣಗಿ ಮೇಲಟ್ಟ ಸೇರಬೇಕು. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಒಯ್ಯಲು ಸಜ್ಜಿರೊಟ್ಟಿ ವಾರದ ಮೊದಲೇ ತಟ್ಟಿ ಒಣಗಿಸಿಡಬೇಕು. ಖಡಕ್ ರೊಟ್ಟಿಯನ್ನು ಕಂಡುಹಿಡಿದವರು ಯಾರೋ ಗೊತ್ತಿಲ್ಲ. ದೊಡ್ಡ ಸಂಸಾರದ ಸೊಸೆಯೇ ಇರಬೇಕು. ಮುಂಚಿತವಾಗಿ ಮಾಡಿಟ್ಟು ಒಂದು ದಿನವಾದರೂ ಕೂತು ಉಣ್ಣುವ ಆಸೆ ಮತ್ಯಾರಿಗೆ ಹುಟ್ಟೀತು?

ದಿನದ ಲೆಕ್ಕ ಬೇರೆ. ಬೆಳಗಿನ ಚಹಾ ಕೊಡುವಾಗಲೇ ತಲೆ ಎಣಿಕೆ ಆಗಬೇಕು: ಯಾರು ಗದಗಿಗೆ ಹೋಗುವವರು, ಯಾರು ಹೊಲದಲ್ಲೇ ಉಣ್ಣುವವರು, ಯಾರಿಗೆ ಉಪವಾಸ. ಜೋಳದ ಹಿಟ್ಟು ಒಂದು ಕಿಲೋಗೆ ಹನ್ನೆರಡರಿಂದ ಹದಿನೈದು ರೊಟ್ಟಿ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ, ಹಾಗಾಗಿ ಒಮ್ಮೆಗೇ ಬಹಳ ಬೀಸಿಸುವ ಹಾಗಿಲ್ಲ. ಗಿರಣಿಯ ಕರೆಂಟು ಯಾವಾಗ ಇರುತ್ತದೆ ಎಂಬುದು ನಮ್ಮ ಅಡುಗೆಮನೆಯ ಮೊದಲ ಸುದ್ದಿ. ಒಬ್ಬರು ಎಸರು ಹಾಕಿ ನಾದಿ ಕೊಡಬೇಕು, ಒಬ್ಬರು ಬಡಿಯಬೇಕು, ಒಬ್ಬರು ಬೇಯಿಸಬೇಕು. ಬಡಿದ ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ನೀರಿನಲ್ಲಿ ಅದ್ದಿದ ಅರಿವೆಯನ್ನು ಅದರ ಮೇಲೆ ಒಮ್ಮೆ ಸವರಬೇಕು. ಆ ನೀರು ಆರುವ ಮುಂಚೆ ತಿರುವಿದರೆ ಹಿಟ್ಟು ಹಂಚಿಗೆ ಹತ್ತುತ್ತದೆ, ಆರಿದ ಮೇಲೆ ತಡಮಾಡಿದರೆ ಮೈ ಬಿರಿಯುತ್ತದೆ. ಬಡಿಯುವವರು ಅವಸರ ಮಾಡಿದರೆ ಬೇಯಿಸುವವರ ಮುಂದೆ ರೊಟ್ಟಿ ಒಟ್ಟಿಕೊಂಡು ಒಣಗುತ್ತವೆ, ನಿಧಾನಿಸಿದರೆ ಹಂಚು ಬರಿದೇ ಕಾಯುತ್ತದೆ. ನಮ್ಮ ದೊಡ್ಡ ನೆಗೆಣ್ಣಿ, ನಾವೆಲ್ಲ ಅಕ್ಕಾರು ಎನ್ನುವವರು, ಬುಟ್ಟಿಯಲ್ಲಿ ಪ್ರತಿ ಹತ್ತನೆಯ ರೊಟ್ಟಿಯನ್ನು ಮಡಚಿ ಇಡುತ್ತಾರೆ. ಎಣಿಸಲು ಮಾತು ನಿಲ್ಲಿಸಬೇಕಾಗಿಲ್ಲ. ಮಾತು ನಿಂತರೆ ಅವರಿಂದ ರೊಟ್ಟಿ ಬಡಿಯಲು ಆಗುವುದೇ ಇಲ್ಲ.

ಪಾಳಿ ಬದಲಾಗುವುದು ಸೋಮವಾರ. ಬಸವಣ್ಣನ ದಿನವೆಂದು ಅವತ್ತು ಎತ್ತು ಹೂಡುವುದಿಲ್ಲ. ಹೊಲಕ್ಕೆ ಬುತ್ತಿ ಕಡಿಮೆ. ಹೊಸ ಪಾಳಿಯವರು ತಡವರಿಸಿದರೂ ಹಸಿದು ಕೂತವರ ಶಾಪ ತಟ್ಟುವುದಿಲ್ಲ. ರೊಟ್ಟಿ ಒಬ್ಬರದು, ಪಲ್ಲೆ ಸಾರು ಒಬ್ಬರದು, ಚಹಾ ಮತ್ತು ಹುಡುಗರ ಸಾಲಿ ಡಬ್ಬಿ ಒಬ್ಬರದು, ಹಾಲು ಮೊಸರು ಪಾತ್ರೆ ಪಗಡಿ ಒಬ್ಬರದು. ಇದರ ಮೇಲೆ ಬರೆಯದ ಎರಡು ಕಾನೂನು. ಒಂದು: ಪಾಳಿ ಯಾರದೋ ಉಪ್ಪು ಅವರದೇ. ನಾಲ್ಕು ಹೆಂಗಸರಿರುವ ಅಡುಗೆಮನೆಯಲ್ಲಿ ಸಾರು ಕೆಡುವುದು ಉಪ್ಪು ಮರೆತು ಅಲ್ಲ, ದಾಟಿ ಹೋಗುವ ಪ್ರತಿಯೊಬ್ಬಳೂ ಉಪಕಾರವೆಂದು ಒಂದು ಚಿಟಿಕೆ ಹಾಕಿ ಹೋಗುವುದರಿಂದ. ಎರಡು: ಹಾಲು ಇಟ್ಟವರೇ ಹಾಲು ಇಳಿಸಬೇಕು. “ಸ್ವಲ್ಪ ನೋಡ್ಕೊಳವ್ವ” ಎಂದು ಗಾಳಿಗೆ ಹೇಳಿ ಹಿತ್ತಲಿಗೆ ಹೋಗುವಂತಿಲ್ಲ. ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದ್ದಲ್ಲ ಎಂಬುದಕ್ಕೆ ನಮ್ಮ ಒಲೆಯ ಕಟ್ಟೆಯ ಮೇಲಿನ ಹಾಲಿನ ಕಲೆಗಳೇ ಸಾಕ್ಷಿ.

ಅಳತೆಗೆ ಈಗಲೂ ಹಿತ್ತಾಳೆಯ ಸೇರು, ಅಚ್ಚೇರು, ಪಾವು. 1956ರಲ್ಲಿ ಹೊಸ ತೂಕ ಅಳತೆಯ ಕಾಯ್ದೆ ಬಂದು, ಅರವತ್ತರ ದಶಕದ ಮೊದಲಿಗೇ ಪೇಟೆಯಲ್ಲಿ ಸೇರು ಹೋಗಿ ಕಿಲೋ ಲೀಟರು ಬಂದವು. ನಮ್ಮ ಹೊಸ್ತಿಲು ದಾಟಿ ಒಳಗೆ ಬರುವ ಧೈರ್ಯ ಮಾತ್ರ ಆ ಕಾಯ್ದೆಗೆ ಆಗಲಿಲ್ಲ. ಅಂಗಡಿಯಿಂದ ಕಿಲೋದಲ್ಲಿ ಬಂದ ಅಕ್ಕಿ ಅಡುಗೆಮನೆಯಲ್ಲಿ ಸೇರಿನಲ್ಲಿ ಹೊರಬೀಳುತ್ತದೆ. ತುಂಬಿದ ಸೇರಿನ ಮೇಲೆ ಅಂಗೈ ಆಡಿಸಿ ತಲೆ ಸಮ ಮಾಡುವುದೋ, ಗೋಪುರ ಹಾಗೇ ಬಿಡುವುದೋ ಎಂಬುದು ಅವತ್ತು ಬರಲಿರುವ ಬೀಗರ ಮೇಲೆ ಅವಲಂಬಿತ.

ತುಪ್ಪ, ಗೋಡಂಬಿ, ಒಣಕೊಬ್ಬರಿ, ಹೆಚ್ಚಿನ ಸಕ್ಕರೆ ಇರುವ ಕಪಾಟಿಗೆ ಬೀಗ. ಬೀಗದ ಕೈ ಅತ್ತೆಯವರ ಸೊಂಟದಲ್ಲಿ. ಅವರು ಜಿಪುಣರಲ್ಲ. ಕೇಳಿದರೆ ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಕೊಡುವವರು. ಆದರೆ ಕೇಳಬೇಕು. ಇಪ್ಪತ್ತು ವರ್ಷ ಸಂಸಾರ ಮಾಡಿದ ಅಕ್ಕಾರೂ, ಮೊನ್ನೆ ಬಂದ ಸಣ್ಣಾಕಿಯೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತು ಕೇಳಬೇಕು. ಅಚ್ಚುಕಟ್ಟಾದ ಅಡುಗೆಮನೆಯನ್ನು ಹೊಗಳುವವರು ಯಾರೂ ಇದನ್ನು ನೋಡುವುದಿಲ್ಲ. ಡಬ್ಬಿಗಳ ಶಿಸ್ತು ಅಂದರೆ ಅರ್ಧ ಅಧಿಕಾರದ ಶಿಸ್ತು.

ಹಳೆಯ ಅಡುಗೆಮನೆ ಕೆಡವಿ ಹೊಸದು ಕಟ್ಟುವಾಗ ಮಾಡ್ಯುಲರ್ ಕಿಚನ್ನಿನವನೊಬ್ಬ ಹುಬ್ಬಳ್ಳಿಯಿಂದ ಬಂದ. ಟೈ ಕಟ್ಟಿದ್ದ ಹುಡುಗ. ಪಾಪ, ಸೆಕೆಯಲ್ಲಿ ಬೆವರುತ್ತಿದ್ದ. ಲ್ಯಾಪ್‌ಟಾಪಿನಲ್ಲಿ ಒಂದು ತ್ರಿಕೋನ ತೋರಿಸಿದ: ಒಲೆ, ಸಿಂಕು, ಫ್ರಿಜ್ಜು. ಈ ಮೂರರ ನಡುವೆ ಮೇಡಂ ಓಡಾಡುವ ಹೆಜ್ಜೆ ಕಡಿಮೆಯಾಗುತ್ತದೆ ಎಂದ. “ಯಾವ ಮೇಡಂ?” ಎಂದು ಅತ್ತೆಯವರು ಕೇಳಿದರು. ಅವನ ಚಿತ್ರದಲ್ಲಿ ಒಬ್ಬಳೇ ಹೆಂಗಸಿದ್ದಳು. ನಮ್ಮ ನಾಲ್ವರನ್ನು ಆ ತ್ರಿಕೋನದಲ್ಲಿ ಬಿಟ್ಟರೆ ದಿನಕ್ಕೆ ಹತ್ತು ಸಲ ಡಿಕ್ಕಿ.

ಅವನ ತಪ್ಪಲ್ಲ. ಆ ಅಡುಗೆಮನೆಯ ಬೇರೇ ಹಾಗಿದೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಟ್ಟುತ್ತಿದ್ದ ಅಗ್ಗದ ಮನೆಗಳಿಗಾಗಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರು, ಉದ್ದ 3.4 ಮೀಟರು. ರೈಲಿನ ಊಟದ ಬೋಗಿಯ ಇಕ್ಕಟ್ಟಿನ ಅಡುಗೆಕೋಣೆ ಅವರಿಗೆ ಮಾದರಿ. ಕೆಲಸ ಮಾಡುವವಳು ಒಬ್ಬಳೇ, ಕೈ ಚಾಚಿದರೆ ಎಲ್ಲ ಸಿಗಬೇಕು. ಹಿಟ್ಟು, ಅಕ್ಕಿ, ಸಕ್ಕರೆಗೆ ಹಿಡಿಕೆ ಇರುವ ಅಲ್ಯುಮಿನಿಯಂ ಡಬ್ಬಗಳು, ಒಂದೊಂದರ ಮೇಲೂ ಹೆಸರು. ಅದನ್ನು ರೂಪಿಸುವ ಮೊದಲು ತಾನು ಅಡುಗೆ ಮಾಡಿದವಳೇ ಅಲ್ಲ ಎಂದು ಆ ತಾಯಿ ಮುಂದೆ ತಾವೇ ಹೇಳಿಕೊಂಡರು. ಹೆಂಗಸಿನ ಹೊತ್ತು ಉಳಿಸಬೇಕೆಂಬ ಅವರ ಕಳಕಳಿ ನಿಜವಾದದ್ದೇ, ಅದಕ್ಕೆ ಶರಣು. ಆದರೆ ಜಗತ್ತಿನ ಮಾಡ್ಯುಲರ್ ಅಡುಗೆಮನೆಗಳೆಲ್ಲ ಆ ಒಬ್ಬಂಟಿ ಹೆಂಗಸಿನ ಅಳತೆಯಲ್ಲೇ ಉಳಿದುಬಿಟ್ಟವು. ಕೂತು ಬಡಿಯುವ ರೊಟ್ಟಿಗೆ, ಅಕ್ಕಪಕ್ಕ ಕೂತು ಬೀಗರ ಸುದ್ದಿ ಆಡುತ್ತಾ ಸೊಪ್ಪು ಸೋಸುವುದಕ್ಕೆ ಅಲ್ಲಿ ಜಾಗವಿಲ್ಲ.

ಕೊನೆಗೆ ನಾವು ಅವನಿಂದ ಜಾರುಗಾಲಿಯ ಡ್ರಾಯರು ಮಾತ್ರ ಮಾಡಿಸಿಕೊಂಡೆವು. ಎರಡು ಕಡೆ ಗ್ಯಾಸ್ ಕಟ್ಟೆ, ಮೂಲೆಯಲ್ಲಿ ನೆಲದ ಮೇಲೆ ರೊಟ್ಟಿಯ ಒಲೆ ಹಾಗೇ ಉಳಿಯಿತು. ನಡುವೆ ಪರಾತ ಹಿಡಿದು ಇಬ್ಬರು ದಾಟುವಷ್ಟು ಅಂಗಳ. ಡ್ರಾಯರು ಒಳ್ಳೆಯವೇ. ಫ್ರಿಜ್ಜು ಮಾತ್ರ ಯಾವ ಕಾನೂನಿಗೂ ಬಗ್ಗಿಲ್ಲ. ಇಪ್ಪತ್ತೆರಡು ಜನರ ಮನೆಯಲ್ಲಿ ಯಾರೂ ಏನನ್ನೂ ಚೆಲ್ಲಲಾರರು, ಹಾಗಂತ ಯಾರೂ ಅದನ್ನು ತಿನ್ನಲಾರರು. ಎರಡು ಚಮಚ ಝುಣಕ, ಅರ್ಧ ಬದನೆಕಾಯಿ ಎಣ್ಣೆಗಾಯಿ, ಯಾರದೆಂದು ತಿಳಿಯದ ಸಾರು, ಎಲ್ಲ ಸಣ್ಣ ವಾಟಿಗಳಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಹಾಲು ಮೊಸರಿನ ಪಾಳಿಯವರು ರಾತ್ರಿ ಅವನ್ನು ತೆಗೆದು ನೋಡಬೇಕೆಂದು ಈಗ ಗೊತ್ತು ಮಾಡಿದ್ದೇವೆ. ಉಳಿದ ರೊಟ್ಟಿ ಮುರಿದು ಒಗ್ಗರಣೆ, ಉಳಿದದ್ದು ಎಮ್ಮೆಗೆ. ಎಮ್ಮೆ ಇಲ್ಲದ ಮನೆಯವರು ಹೇಗೆ ಸಂಭಾಳಿಸುತ್ತಾರೋ ನನಗೆ ತಿಳಿಯದು.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹುಬ್ಬಳ್ಳಿಯ ಆಸ್ಪತ್ರೆ ಸೇರಿದರು. ಆಗ ತಿಳಿಯಿತು: ನಾವು ನಾಲ್ವರೂ ಬಾಯಿಪಾಠ ಮಾಡಿದ್ದು ನಮ್ಮ ನಮ್ಮ ಪಾಳಿಯ ಡಬ್ಬಿಗಳನ್ನು ಮಾತ್ರ. ಇಡೀ ಮನೆಯ ನಕ್ಷೆ ಇದ್ದದ್ದು ಒಂದೇ ತಲೆಯಲ್ಲಿ. ಅದು ವಾರ್ಡಿನ ಮಂಚದ ಮೇಲೆ ಕಾಲಿಗೆ ತೂಕ ಕಟ್ಟಿಕೊಂಡು ಮಲಗಿತ್ತು. ದಿನಕ್ಕೆ ಹಲವು ಸಲ ಫೋನು.

“ಅತ್ತಿ, ವರ್ಷದ ಹವೀಜ ಎಲ್ಲೈತ್ರಿ?”

“ಎಡಗಡೆ ಮಾಡದಾಗ, ಎರಡನೇ ಸಾಲು, ಹಸರು ಮುಚ್ಚಳದ ಡಬ್ಬಿ ಹಿಂದ. ಹಸರು ಮುಚ್ಚಳದ್ದು ತಗೀಬ್ಯಾಡ್ರಿ, ಅದರಾಗ ಇರಿವಿ ಪುಡಿ ಐತಿ.”

ಇರುವೆಪುಡಿ ಮಾಡದಲ್ಲಿ, ಹವೀಜದ ಮುಂದೆ, ಹೆಸರಿಲ್ಲದೆ! ಆ ಫೋನು ಮುಗಿಯುತ್ತಲೇ ಅಕ್ಕಾರ ಮಗಳು, ಪಿಯುಸಿ ಓದುತ್ತಿದ್ದವಳು, ನೋಟುಬುಕ್ಕಿಗೆ ಹಚ್ಚುವ ಚೀಟಿಗಳನ್ನು ತಂದು ಕೂತಳು. ಒಂದೊಂದೇ ಡಬ್ಬಿ ತೆಗೆದು, ಮೂಸಿ, ರುಚಿ ನೋಡಿ, ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದಳು. ಇರುವೆಪುಡಿಯನ್ನು ರುಚಿ ನೋಡಲಿಲ್ಲ, ಅದು ನೇರ ಹಿತ್ತಲಿಗೆ ಹೋಯಿತು. ಬೋರ್ನ್‌ವಿಟಾ ಡಬ್ಬಿಗೂ ‘ಅಗಸಿ ಚಟ್ನಿ’ ಎಂಬ ನಿಜನಾಮ ಸಿಕ್ಕಿತು. ಒಂದು ದಪ್ಪ ವಹಿಯನ್ನೂ ಮಾಡಿದಳು. ಉಪ್ಪಿನಕಾಯಿಯ ಉಪ್ಪು ಖಾರದ ಪ್ರಮಾಣವನ್ನು ಆಸ್ಪತ್ರೆಗೆ ಹೋಗಿ ಅಜ್ಜಿಯ ಬಾಯಿಂದಲೇ ಬರೆದುಕೊಂಡು ಬಂದಳು.

ಚೀಟಿ ಅಂಟಿದ ವಾರದಲ್ಲೇ ಒಂದು ಬೆಳಗ್ಗೆ ಮಾವನವರು ತಾವೇ ಚಹಾ ಮಾಡಿಕೊಂಡು ಕುಡಿದರು. ಎಪ್ಪತ್ತು ದಾಟಿದ ಮನುಷ್ಯ, ಆವರೆಗೆ ಒಲೆಯ ಗುಂಡಿ ತಿರುವಿದವರಲ್ಲ. ನಾವೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು. “ಎಲ್ಲಾ ಬರದಾರಲ್ಲ, ಅದರಾಗ ಏನೈತಿ” ಎಂದರು. ನನಗೆ ಥಟ್ಟನೆ ಹೊಳೆದದ್ದು ಆಗ. ಇಷ್ಟು ವರ್ಷ ನಮ್ಮ ಗಂಡಸರನ್ನು ಅಡುಗೆಮನೆಯ ಹೊರಗೆ ಇಟ್ಟಿದ್ದು ಸಂಪ್ರದಾಯ, ದೊಡ್ಡಸ್ತಿಕೆ ಎಂದೆಲ್ಲ ಅಂದುಕೊಂಡಿದ್ದೆ. ಅದರಲ್ಲಿ ಈ ಸುಳ್ಳು ಹೆಸರಿನ ಡಬ್ಬಿಗಳ ಪಾಲೂ ಸಾಕಷ್ಟಿತ್ತು. ‘ಎಲ್ಲೈತೋ ಏನೋ, ನೀನೇ ಮಾಡು’ ಎನ್ನುವುದು ಅವರಿಗೆ ಅನುಕೂಲದ ಮಾತಾಗಿತ್ತು. ‘ನಾ ಇಲ್ಲಂದ್ರ ಈ ಮನ್ಯಾಗ ಒಂದು ಕಪ್ ಚಹಾ ಆಗೂದಿಲ್ಲ’ ಎನ್ನುವುದು ಅತ್ತೆಯವರಿಗೆ ಹೆಮ್ಮೆಯ ಮಾತಾಗಿತ್ತು. ಓದು ಬಲ್ಲ ಗಂಡಸಿಗೆ ಈಗ ನೆಪ ಉಳಿಯಲಿಲ್ಲ.

ಅತ್ತೆಯವರು ವಾಕರು ಹಿಡಿದು ಮನೆಗೆ ಬಂದವರು ಮೊದಲು ಹೊಕ್ಕದ್ದು ದೇವರ ಕೋಣೆಯನ್ನಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಚೀಟಿಗಳನ್ನು ಒಂದೊಂದಾಗಿ ಓದಿದರು. “ಕಿರಾಣಿ ಅಂಗಡಿ ಮಾಡೀರಲ್ಲ” ಎಂದರು. ಆಮೇಲೆ ಒಂದು ಡಬ್ಬಿಯ ಚೀಟಿಯನ್ನು ಮಾತ್ರ ಉಗುರಿನಿಂದ ಕೆರೆದು ಕಿತ್ತು ಹಾಕಿದರು. ತೊಗರಿಬೇಳೆಯ ಡಬ್ಬಿ, ನಡುವಿನ ಸಾಲಿನದು. ಅದರೊಳಗೆ ಬೇಳೆಯ ಜೊತೆ ಇನ್ನೇನಿದೆ ಎಂದು ನಾವು ಸೊಸೆಯರು ಯಾರೂ ಕೇಳಲಿಲ್ಲ. ಬೀಗದ ಕೈಯನ್ನು ಮಾತ್ರ ಅವರು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿಲ್ಲ, ಮೊಳೆಗೆ ತೂಗುಹಾಕಿದರು. ಅವರಿಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲರಿಗೂ ಎಲ್ಲ ಗೊತ್ತಿರುವ ಮನೆಯಲ್ಲಿ ಹಿರಿಯಳಿಗೆ ಏನು ಕೆಲಸ? ಈಗ ಅವರು ಕುರ್ಚಿಯಲ್ಲಿ ಕೂತು ಸೊಪ್ಪು ಸೋಸುತ್ತಾರೆ, ಮತ್ತು ಚೀಟಿಯಲ್ಲಿ ಬರೆಯಲಾಗದ್ದನ್ನು ಹೇಳುತ್ತಾರೆ: ಎಸರು ಯಾವಾಗ ಸಾಕು, ಖಾರಕ್ಕೆ ಬಿಸಿಲು ಎಷ್ಟು ದಿನ, ಯಾವ ಬೀಗರಿಗೆ ಯಾವ ಪಲ್ಲೆ ಸೇರುವುದಿಲ್ಲ.

ಮಕ್ಕಳು ಓದಲೆಂದು, ನೌಕರಿಗೆಂದು ಊರು ಬಿಟ್ಟು ಗಂಗಾಳಗಳು ಕಡಿಮೆಯಾಗಿವೆ. ರವಿವಾರದ ಬೆಳಗಿನ ಪಾಳಿ ಗಂಡಸರದು. ಉಪ್ಪಿಟ್ಟು ಒಂದನ್ನೇ ಮಾಡುತ್ತಾರೆ, ಅದಕ್ಕೆ ಮನೆಯ ಅರ್ಧ ಪಾತ್ರೆ ಬಳಸುತ್ತಾರೆ, ಉಪ್ಪನ್ನು ಮಾತ್ರ ಎಲ್ಲರೂ ಹಾಕುತ್ತಾರೆ. ಆದರೂ ಡಬ್ಬಿಗಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ.

ಇನ್ನೂ ಸರಿಹೋಗದೆ ಉಳಿದದ್ದು ಊಟದ ಸರದಿ. ನೂರು ರೊಟ್ಟಿ ಬಡಿದವಳ ಗಂಗಾಳಕ್ಕೆ ಬರುವುದು ಬುಟ್ಟಿಯ ತಳದ, ಆರಿ ಸೆಟೆದ ರೊಟ್ಟಿ. ಎಷ್ಟೇ ಡ್ರಾಯರು ಮಾಡಿಸಿದರೂ ಎಷ್ಟೇ ಚೀಟಿ ಅಂಟಿಸಿದರೂ ಈ ಒಂದು ಅವ್ಯವಸ್ಥೆ ನಮ್ಮ ಮನೆಯಲ್ಲಿ ಹಾಗೇ ಇದೆ, ನಿಮ್ಮ ಮನೆಯಲ್ಲೂ ಇರಬಹುದು. ನಿಮ್ಮದೂ ದೊಡ್ಡ ಸಂಸಾರವಾಗಿದ್ದರೆ, ಕಪಾಟು ಜೋಡಿಸುವುದನ್ನು ಆಮೇಲೆ ಮಾಡಿಕೊಳ್ಳಿ. ಮೊದಲು ಬಡಿಯುವವರು ಎದ್ದು ಬಿಸಿಬಿಸಿ ಉಣ್ಣುವಾಗ ಹಂಚಿನ ಮುಂದೆ ಬೇರೆ ಯಾರು ಕೂಡಬೇಕೆಂದು ಒಂದು ಪಾಳಿ ಹಾಕಿಕೊಳ್ಳಿ.